ನಾಲ್ಕು ಗೇಟುಗಳ ದಾರಿ

ಇಪ್ಪತ್ತಮೂರನೆಯ ಗಾಡಿ ಶಾಲೆಯ ಅಂಗಳಕ್ಕೆ ತಿರುಗಿದಾಗಲೂ ಮಾರ್ವಾ ಕುಚೇರಾಳ ಕೈಲಿದ್ದ ತಟ್ಟೆ ಬಹುಪಾಲು ತುಂಬಿಯೇ ಇತ್ತು. ಏಪ್ರಿಕಾಟ್ ಹೂರಣ ತುಂಬಿದ ಕೊಲಾಚೆ ಎಂಬ ಸಿಹಿ ಬನ್ನುಗಳು. ಶಾಲೆಯ ಅಡುಗೆಯವಳಾದ ಅವಳೇ ನಸುಕಿನಲ್ಲೆದ್ದು ಬಂದು ಬೇಯಿಸಿದ್ದು. ಗಾಡಿ ಓಡಿಸಿಕೊಂಡು ಬಂದ ಮಕ್ಕಳ ಎದೆಯ ಮೇಲೆ ಸೀಟ್‌ಬೆಲ್ಟ್ ಇದ್ದರೆ ಕಿಟಕಿಯಿಂದ ಒಂದು ಬಿಸಿ ಕೊಲಾಚೆ, ಇಲ್ಲದಿದ್ದರೆ ಬರೀ ಗುಡ್ ಮಾರ್ನಿಂಗ್. ಇದು ಹದಿನೇಳರ ಐಯೋನ ಹೇಬರ್‌ಲ್ಯಾಂಡ್ ಮಾಡಿದ ಕಟ್ಟಳೆ. ಅವಳು ಪಕ್ಕದಲ್ಲೇ ನಿಂತು ಕಾಗದದ ಮೇಲೆ ಗೀಟು ಹಾಕುತ್ತಿದ್ದಳು. ಅಲ್ಲಿಯವರೆಗೆ ಬಿದ್ದದ್ದು ಆರು ಗೀಟು.

ಐಯೋನಳನ್ನು ಕಂಡಾಗಲೆಲ್ಲ ಮಾರ್ವಾಳಿಗೆ ಬೆರಗಾಗುತ್ತಿತ್ತು. ಹೋದ ವಸಂತದಲ್ಲಿ ಜಲ್ಲಿ ರಸ್ತೆಯಲ್ಲಿ ಜಾರಿ ಮೂರು ಸಲ ಉರುಳಿದ ಆ ಹುಡುಗಿಯ ಪಿಕಪ್ಪನ್ನು ಮಾರ್ವಾ ಆಮೇಲೆ ಕಣ್ಣಾರೆ ನೋಡಿದ್ದಳು. ಗಾಡಿಯ ಮಾಡು ಜಜ್ಜಿ ತಗ್ಗಿ ಸೀಟಿನ ತುದಿಗೆ ತಾಗಿತ್ತು. ಅದರೊಳಗೆ ಹುಡುಗಿ ಬೆಲ್ಟಿನಲ್ಲಿ ತಲೆಕೆಳಗಾಗಿ ಮುಕ್ಕಾಲು ಗಂಟೆ ನೇತಾಡಿದಳಂತೆ. ಶನಿವಾರ ನಡೆದದ್ದು ಇಷ್ಟು. ಸೋಮವಾರ ಊಟದ ಸಾಲಿನಲ್ಲಿ ನಿಂತು ಆಲೂಗಡ್ಡೆ ಇನ್ನೊಂದು ಸೌಟು ಹಾಕಿ ಎಂದು ಕೇಳಿದಳು. ಕೊರಳ ಬಳಿ ಹೆಗಲಿನಿಂದಿಳಿದ, ಬೆಲ್ಟು ಒತ್ತಿ ಮೂಡಿದ ಒಂದು ನೀಲಿ ಪಟ್ಟೆ, ಅಷ್ಟೆ. ಎರಡು ಬೆರಳಗಲದ ಬಟ್ಟೆಪಟ್ಟಿ ಒಂದು ಜೀವವನ್ನು ಹಿಡಿದು ವಾಪಸು ಕೊಟ್ಟಿತಲ್ಲ ಎಂದು ಮಾರ್ವಾ ಸೌಟು ಹಿಡಿದೇ ನಿಂತುಬಿಟ್ಟಿದ್ದಳು.

ಆದರೆ ಬೆರಗು ಬೇರೆ, ಅಭ್ಯಾಸ ಬೇರೆ. ನೆಬ್ರಾಸ್ಕಾದ ಈ ದನಗಾಹಿ ಸೀಮೆಯಲ್ಲಿ ಹದಿನಾಲ್ಕು ತುಂಬಿದರೆ ಶಾಲೆಗೆ ತಾವೇ ಗಾಡಿ ಓಡಿಸುತ್ತಾರೆ. ಕುಚೇರಾ ಮನೆಯಿಂದ ದೊಡ್ಡ ರಸ್ತೆಗೆ ದನದ ಬೇಲಿಯ ಗೇಟುಗಳು ನಾಲ್ಕು. ಇಳಿ, ತೆರೆ, ಗಾಡಿ ದಾಟಿಸು, ಮತ್ತೆ ಇಳಿದು ಮುಚ್ಚು. ಎಂಟೆಂಟು ಸಲ ಬೆಲ್ಟು ಬಿಚ್ಚಿ ಕಟ್ಟುವವರು ಯಾರು? ಅದಕ್ಕೇ ಅದನ್ನು ಬೆನ್ನ ಹಿಂದಿನಿಂದ ಎಳೆದು ಒಮ್ಮೆ ಬಕಲಿಗೆ ಸಿಕ್ಕಿಸಿಬಿಟ್ಟರೆ, ಬೆಲ್ಟು ಹಾಕಿಲ್ಲವೆಂದು ಗಾಡಿ ಕುಂಯ್‌ಗುಡುವುದೂ ನಿಲ್ಲುತ್ತದೆ. ಆಮೇಲೆ ಅದರ ಮೇಲೊರಗಿ ಕೂತರಾಯಿತು.

ಇಪ್ಪತ್ತನಾಲ್ಕನೆಯದು ಅವಳ ಮೊಮ್ಮಗ ಡೆಲ್‌ನದು. ಹದಿನೈದರ ಹುಡುಗ, ತಾಯಿ ತಂದೆ ಇಬ್ಬರ ಜಾಗದಲ್ಲೂ ಅವನಿಗೆ ಇವಳೊಬ್ಬಳೇ. ಅಜ್ಜಿಯನ್ನು ಅವನು ಕರೆಯುವುದು ಬಾಬಿ ಎಂದು. ಕಿಟಕಿ ಇಳಿಸಿ ಕೈ ಚಾಚಿದ.

"ಕೊಡು ಬಾಬಿ, ಹೊಟ್ಟೆ ಚುರುಗುಟ್ತಿದೆ."

"ಬೆಲ್ಟೆಲ್ಲಿ?"

"ನೀನು ಸಿಕ್ಸಿದ್ದೆಯಲ್ಲ, ಅಲ್ಲೇ ಇದೆ. ನಾನು ಮುಟ್ಟೇ ಇಲ್ಲ."

ಹಿಂದಿನ ಗಾಡಿಯ ಹುಡುಗರು ನಕ್ಕರು. ಡೆಲ್ ಸುಳ್ಳು ಹೇಳಿರಲಿಲ್ಲ. ಅದು ಮೊದಲು ಅವಳ ಗಾಡಿ. ಹನ್ನೊಂದು ವರ್ಷದ ಹಿಂದೆ ಬೆನ್ನ ಹಿಂದೆ ಬೆಲ್ಟು ಸಿಕ್ಕಿಸಿದವಳು ಅವಳೇ. ಕೀಲಿಕೈಯ ಜೊತೆ ಆ ಚಾಳಿಯನ್ನೂ ಮೊಮ್ಮಗನಿಗೆ ಕೊಟ್ಟಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ತಗ್ಗಿದ ಮಾಡು ಅವಳ ಕಣ್ಣಿಗೆ ಕಟ್ಟಿತು. ಆದರೆ ಈಗ ಅದು ಡೆಲ್‌ನ ತಲೆಯ ಮೇಲಿತ್ತು.

ತಟ್ಟೆಯನ್ನು ಐಯೋನಳ ಕೈಗಿಟ್ಟು ಗಾಡಿಯ ಬಾಗಿಲು ತೆರೆದಳು. ಮೊಮ್ಮಗನ ಬೆನ್ನ ಹಿಂದೆ ಕೈ ತೂರಿಸಿ ಗುಂಡಿ ಒತ್ತಿದಳು. ಒಣಹುಲ್ಲಿನ ಹೊಟ್ಟು, ಗ್ರೀಸು ಸೇರಿ ಅದು ಕಚ್ಚಿಕೊಂಡಿತ್ತು. ಎಲ್ಲರೂ ನೋಡ್ತಿದಾರೆ, ಬಿಡು ಎಂದು ಡೆಲ್ ಗೊಣಗಿದ. ಹಿಂದೆ ಗಾಡಿಗಳ ಸಾಲು ಬೆಳೆಯಿತು.

"ನೋಡ್ಲಿ. ತಪ್ಪು ಮಾಡಿದ್ದು ನಾನು, ನೀನಲ್ಲ," ಎಂದಳು ಮಾರ್ವಾ. "ನಂಗೆ ನೀನು ಬೇಕು ಕಣೋ."

ಕೊನೆಗೆ ಎರಡೂ ಹೆಬ್ಬೆರಳು ಊರಿದಾಗ ಬಕಲು ಬಿಟ್ಟುಕೊಂಡಿತು. ಪಟ್ಟಿಯನ್ನು ಅವನ ಅಗಲವಾದ ಎದೆಯ ಮೇಲಿಂದ ಎಳೆದಳು. ಮೊದಲು ಬಂದದ್ದು ಬಿಸಿಲಿಗೆ ಬಿಳಚಿ ಧೂಳು ಮೆತ್ತಿದ ತುಂಡು. ಇನ್ನೂ ಎಳೆದಂತೆ, ಇಷ್ಟು ವರ್ಷ ಒಳಗೆ ಸುತ್ತಿಕೊಂಡೇ ಇದ್ದ ಭಾಗ ಹೊರಬಂತು. ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು; ಅಂಗಡಿಯಿಂದ ಆಗಷ್ಟೇ ತಂದಂತೆ ಒಂದು ಎಳೆಯೂ ಸವೆದಿರಲಿಲ್ಲ. ಬಾಗಿಲು ತುಕ್ಕು ಹಿಡಿದಿತ್ತು, ಸೀಟು ಹರಿದಿತ್ತು. ಇದೊಂದು ಮಾತ್ರ ಇಷ್ಟು ದಿನವೂ ಕಾದು ಕೂತಿತ್ತು. ಡೆಲ್ ಕೂಡ ಬೆರಳಿನಿಂದ ಅದನ್ನು ಸವರಿ ನೋಡಿದ.

ಬಕಲು ಟಕ್ ಎಂದಿತು. ಐಯೋನ ಗೀಟೆಳೆದು, ತಟ್ಟೆಯಲ್ಲಿದ್ದ ದೊಡ್ಡ ಕೊಲಾಚೆಯನ್ನೇ ಆರಿಸಿ ಕೊಟ್ಟಳು.

ಬೆಳಿಗ್ಗೆ ಜೊತೆಯ ಅಡುಗೆಯವಳ ಕಾರಿನಲ್ಲಿ ಬಂದಿದ್ದ ಮಾರ್ವಾ ಸಂಜೆ ಮೊಮ್ಮಗನೊಡನೆ ಮನೆಗೆ ಹೊರಟಳು. ಗೇಟಿನ ಕೆಲಸ ಪಕ್ಕದಲ್ಲಿ ಕೂತವರದು. ಮೊದಲ ಗೇಟು ಮುಚ್ಚಿ ಬಂದು ಬೆಲ್ಟು ಹಾಕಿಕೊಂಡಳು. ಎರಡನೆಯದಕ್ಕೂ, ಮೂರನೆಯದಕ್ಕೂ ಹಾಗೇ ಮಾಡಿದಳು. ನಾಲ್ಕನೆಯದನ್ನು ಮುಚ್ಚಿ ಹತ್ತಿ ಬಾಗಿಲೆಳೆದುಕೊಂಡಳು. ಮನೆ ಎದುರಿಗೇ ಕಾಣುತ್ತಿತ್ತು, ಇನ್ನೂರು ಗಜ ಇರಬಹುದು. ಅವಳು ಬೆಲ್ಟು ಮುಟ್ಟದೆ ಕೈಗಳನ್ನು ತೊಡೆಯ ಮೇಲಿಟ್ಟು ಕೂತಳು.

ಗಾಡಿ ಕದಲಲಿಲ್ಲ. ಡೆಲ್ ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು, ಮುಂದಕ್ಕೆ ನೋಡುತ್ತ, ಆ ಟಕ್ ಸದ್ದಿಗಾಗಿ ಕಾಯುತ್ತಿದ್ದ.