ಹೆಸರು ಹೇಳದ ಸಂಜೆ

ನಾನು ಹನ್ನೊಂದು ವರ್ಷ ರೇಡಿಯೋದಲ್ಲಿ ವಾರ್ತೆ ಓದಿದೆ, ಎಪ್ಪತ್ತೆಂಟರಿಂದ. ಎಷ್ಟು ಧೈರ್ಯದ ಸ್ವರ ಎಂದು ಹೊಗಳಿದವರೆಲ್ಲ ನನ್ನನ್ನು ಕಣ್ಣಾರೆ ನೋಡದವರು. ಸ್ಟುಡಿಯೋದ ಕೆಂಪು ದೀಪ ಹತ್ತಿದ ಕೂಡಲೇ ಮೇಜಿನ ಕೆಳಗೆ ನನ್ನ ಮೊಣಕಾಲು ನಡುಗಲು ಶುರು. ಮೊದಲ ದಿನವೂ ಅಷ್ಟೇ, ಕೊನೆಯ ದಿನವೂ ಅಷ್ಟೇ. ಹೆದರಿಕೆಯಲ್ಲಿ ನನ್ನಷ್ಟು ಸರ್ವಿಸ್ ಆದವರು ಆ ನಿಲಯದಲ್ಲಿ ಬೇರೆ ಯಾರೂ ಇರಲಿಲ್ಲ.

ಬೊಕ್ಕಪಟ್ಣದ ಮೀನುಗಾರರ ಮನೆಯ ಹೆಣ್ಣು ಮೈಕಿನ ಮುಂದೆ ಕೂತದ್ದು ನಮ್ಮ ಓಣಿಗೆಲ್ಲ ದೊಡ್ಡ ಸಂಗತಿ. ಅಣ್ಣ ಯಾದವನನ್ನಂತೂ ಹಿಡಿಯುವವರೇ ಇಲ್ಲ. ಅವನು ಸೇಸಪ್ಪಣ್ಣನ ಬೋಟಿನಲ್ಲಿ ಕಡಲಿಗೆ ಹೋಗುತ್ತಿದ್ದ. ಸೇಸಪ್ಪಣ್ಣ ತಂಡೇಲ, ಬೋಟು ನಡೆಸುವವರು, ನೀರಿನ ಮೇಲೆ ಅವರ ಮಾತೇ ಮಾತು. ಟ್ರಾನ್ಸಿಸ್ಟರ್ ಕೂಡ ಅವರದ್ದೇ. ಉಪ್ಪುಗಾಳಿಗೆ ಸೆಲ್ಲು ಬೇಗ ಹಾಳಾಗುತ್ತದೆ ಎಂದು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಗುವಿನ ಹಾಗೆ ಜೋಪಾನ ಮಾಡುತ್ತಿದ್ದರು. ಸಂಜೆ ಆರೂಕಾಲಕ್ಕೆ ಮಾತ್ರ ಅದು ಹೊರಗೆ ಬರುತ್ತಿತ್ತು. ‘ವಾರ್ತೆಗಳು, ಓದುತ್ತಿರುವವರು ದಮಯಂತಿ ಕರ್ಕೇರ’ ಎಂದು ಕೇಳಿದ್ದೇ ತಡ, ಅಣ್ಣ ನನ್ನ ತಂಗಿ ಎಂದು ಎದೆ ತಟ್ಟಿಕೊಳ್ಳುವುದು, ಉಳಿದವರು ಕೂ ಹಾಕುವುದು, ಸೇಸಪ್ಪಣ್ಣ ಟಕ್ಕನೆ ಆಫ್ ಮಾಡುವುದು. ಮುಂದಿನ ವಾರ್ತೆ ಯಾರಿಗೂ ಬೇಡ. ಇದನ್ನು ಅಣ್ಣನೇ ನನಗೆ ಹೇಳಿದ್ದ, ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ಎಂಬತ್ತಮೂರರ ನವೆಂಬರಿನ ಒಂದು ಸಂಜೆ ಆ ತಮಾಷೆ ತಮಾಷೆಯಾಗಿ ಉಳಿಯಲಿಲ್ಲ. ಆರಕ್ಕೆ ಐದು ನಿಮಿಷ ಇರುವಾಗ ಹವಾಮಾನದವರ ಫೋನು ಬಂತು. ವಾಯುಭಾರ ಕುಸಿದಿದೆ, ರಾತ್ರಿಯೇ ಬಿರುಗಾಳಿ, ಕಡಲಿನಲ್ಲಿ ಇರುವವರು ಕೂಡಲೇ ದಡ ಸೇರಬೇಕು. ಅಣ್ಣನ ಬೋಟು ಹಿಂದಿನ ದಿನ ಬೆಳಿಗ್ಗೆ ಹೊರಟದ್ದು, ಮರುದಿನ ಮಧ್ಯಾಹ್ನ ಬರಬೇಕಾದದ್ದು. ಮೀನುಗಾರರ ಎಚ್ಚರಿಕೆ ಬರುವುದು ವಾರ್ತೆಯ ಕಟ್ಟಕಡೆಗೆ, ಅಡಿಕೆ, ಕೊಬ್ಬರಿಯ ಧಾರಣೆ ಓದಿದ ಮೇಲೆ. ಅಷ್ಟು ಹೊತ್ತಿಗೆ ಟ್ರಾನ್ಸಿಸ್ಟರ್ ಪ್ಲಾಸ್ಟಿಕ್ಕಿನೊಳಗೆ ಮಲಗಿರುತ್ತದೆ.

ಸುದ್ದಿ ಸಂಪಾದಕರು ಚಿತ್ತರಂಜನ ಶೆಟ್ಟರು, ಕೊಟ್ಟಾರದವರು, ತಣ್ಣನೆಯ ಮನುಷ್ಯ. ಎಚ್ಚರಿಕೆಯನ್ನು ಮೊದಲು ಓದುತ್ತೇನೆ ಎಂದು ಅವರಲ್ಲಿ ಬೇಡಿಕೊಂಡೆ. ಬೋಟಿನಲ್ಲಿ ಯಾರೂ ಕೊನೆಯವರೆಗೆ ಕೇಳುವುದಿಲ್ಲ ಎಂದೂ ಹೇಳಿದೆ. ಆರಾಮಕುರ್ಚಿಯಲ್ಲಿ ಕೂತು ವಾರ್ತೆ ಕೇಳುವವರಿಗೆ ಅದು ಹೇಗೆ ನಂಬಿಕೆಯಾಗಬೇಕು?

“ಆರ್ಡರ್ ಬದಲಿಸ್ಲಿಕ್ಕೆ ನನಗೆ ಅಧಿಕಾರ ಇಲ್ಲ ಮಾರಾಯ್ತಿ,” ಎಂದರು. “ಮಂತ್ರಿಗಳ ಉದ್ಘಾಟನೆ ಮೊದಲು. ಇದು ಕಡೆಗೆ ಹೇಗೂ ಬರ್ತದಲ್ಲ.”

ಸ್ಟುಡಿಯೋದ ಬಾಗಿಲು ಮುಚ್ಚಿತು. ಒಳಗೆ ಗಾಳಿಯೂ ಇಲ್ಲ, ಕಡಲಿನ ಸದ್ದೂ ಇಲ್ಲ. ಗೋಡೆಯ ಗಡಿಯಾರದ ಮುಳ್ಳು ಮಾತ್ರ ಓಡುತ್ತಿತ್ತು. ನಾನು ಹೆಸರು ಹೇಳಿದ ಕ್ಷಣವೇ ಸೇಸಪ್ಪಣ್ಣನ ಹೆಬ್ಬೆರಳು ತಿರುಗುತ್ತದೆ. ಅಂದರೆ ನನ್ನ ಅಣ್ಣನ ಪ್ರಾಣ ತೆಗೆಯುವುದು ನನ್ನ ಹೆಸರೇ. ನನ್ನದು ಖಾಯಂ ಅಲ್ಲದ ಕ್ಯಾಶುವಲ್ ಕೆಲಸ, ಕಾಗದದಲ್ಲಿ ಇಲ್ಲದ ಒಂದು ಅಕ್ಷರ ಓದಿದರೂ ಮನೆಗೆ ಕಳಿಸುತ್ತಾರೆ ಎಂದೂ ಗೊತ್ತಿತ್ತು. ಕೆಂಪು ದೀಪ ಹತ್ತಿತು.

“ವಾರ್ತೆಗಳು,” ಎಂದೆ. ಹೆಸರನ್ನು ನುಂಗಿಕೊಂಡೆ. ಎಲ್ಲಕ್ಕಿಂತ ಅಡಿಯಲ್ಲಿದ್ದ ಹಾಳೆಯನ್ನು ಎಳೆದು ಎಚ್ಚರಿಕೆಯನ್ನು ಓದಿದೆ. ಸ್ವರ ನಡುಗಿತು. ಒಮ್ಮೆ ಓದಿ ಸಾಕಾಗದೆ ಇನ್ನೊಮ್ಮೆ ಓದಿದೆ. ಗಾಜಿನ ಆಚೆ ಶೆಟ್ಟರು ಎದ್ದು ನಿಂತದ್ದು ಕಾಣಿಸಿತು. ಅವರ ಕಡೆ ತಿರುಗದೆ ಮಂತ್ರಿಗಳ ಉದ್ಘಾಟನೆಗೆ ಹೋದೆ. ಕೊನೆಗೂ ಹೆಸರು ಹೇಳಲಿಲ್ಲ.

ಹೊರಗೆ ಬಂದಾಗ ಶೆಟ್ಟರು ಮೆಮೋ ಬರೆಯುತ್ತಿದ್ದರು. ಬರೆದು ಕೈಗೆ ಕೊಟ್ಟು, ಅಣ್ಣನ ಬೋಟಿನ ಹೆಸರು ಎಂತದು ಎಂದು ಕೇಳಿ, ಬಂದರಿಗೆ ಫೋನ್ ಮಾಡಲು ಕೂತರು. ನಾನು ಬೈಯಬೇಕೆಂದು ಬಾಯಿಗೆ ತಂದುಕೊಂಡದ್ದೆಲ್ಲ ಅಲ್ಲಿಗೇ ನಿಂತಿತು. ಬಂದರಿನವರಿಗೆ ಏನೂ ತಿಳಿದಿರಲಿಲ್ಲ.

ಗಾಳಿ ಎಂಟಕ್ಕೆಲ್ಲ ಬಂತು. ಮನೆಯಲ್ಲಿ ಅಮ್ಮ ದೇವರ ದೀಪದ ಮುಂದೆ ಕೂತವರು ಎದ್ದೇ ಇಲ್ಲ. ನಾನು ಓದಿದ್ದು ಅವನಿಗೆ ಕೇಳಿಸಿರುತ್ತದೆ ಎಂದು ಅವರಿಗೆ ಹತ್ತು ಸಲ ಹೇಳಿದೆ, ಹತ್ತು ಸಲವೂ ನನಗೇ ನಂಬಿಕೆ ಬರಲಿಲ್ಲ. ಆ ಗಾಳಿಗೆ ಸಿಕ್ಕಿದ ಎರಡು ಬೋಟುಗಳು ಮತ್ತೆ ಬರಲೇ ಇಲ್ಲ. ಮರುದಿನ ಆ ಸುದ್ದಿಯನ್ನು ನನ್ನ ಬದಲಿಗೆ ಶೆಟ್ಟರೇ ಓದಿದರು. ಮೂರು ತಿಂಗಳು ನನಗೆ ಮೈಕು ಇರಲಿಲ್ಲ.

ಅಣ್ಣ ಆ ರಾತ್ರಿ ಕಳೆದು ಬೆಳಕು ಹರಿಯುವಾಗ ಬಂದ. ರಾತ್ರಿ ಹೊಳೆಯ ಬಾಯಿ ದಾಟಿ ಧಕ್ಕೆಗೆ, ಬೋಟು ಕಟ್ಟುವ ಕಟ್ಟೆಗೆ, ಮುಟ್ಟಿದವರಿಗೆ ಗಾಳಿ ನಿಲ್ಲುವವರೆಗೆ ಬೋಟು ಬಿಟ್ಟು ಬರಲಾಗಿರಲಿಲ್ಲವಂತೆ. ಒದ್ದೆ ಬಟ್ಟೆಯಲ್ಲೇ ಒಳಗೆ ನುಗ್ಗಿ, ಅಮ್ಮನನ್ನೂ ಮಾತಾಡಿಸದೆ, ನನ್ನ ಎರಡೂ ಭುಜ ಹಿಡಿದು ಮೇಲಿಂದ ಕೆಳಗೆ ನೋಡಿದ.

ಎಚ್ಚರಿಕೆ ಕೇಳಿಸಿತಲ್ಲ ಅಣ್ಣ, ನನ್ನ ಉಪಾಯ ಫಲಿಸಿತಲ್ಲ ಎಂದೆ. ಅವನು ತಲೆ ಅಲ್ಲಾಡಿಸಿದ.

“ಎಚ್ಚರಿಕೆ ಕೇಳಿತು. ಹವಾಮಾನದವರು ಯಾವಾಗ್ಲೂ ಹೀಗೇ ಹೇಳ್ತಾರೆ ಅಂತ ಸೇಸಪ್ಪಣ್ಣ ಇನ್ನೊಂದು ಬಲೆ ಬಿಡ್ಲಿಕ್ಕೆ ಹೊರಟಿದ್ರು. ನಾನೂ ಹ್ಞೂಂ ಅಂದಿದ್ದೆ.”

“ಮತ್ತೆ?”

“ನಿನ್ನ ಹೆಸರು ಬರ್ಲಿಲ್ಲ. ಸ್ವರ ನಡುಗ್ತಿತ್ತು. ಆಫ್ ಮಾಡ್ಲಿಕ್ಕೆ ನಾನು ಬಿಡ್ಲಿಲ್ಲ, ಕಡೆವರೆಗೆ ಕಾದೆ, ಆಗಲೂ ಬರ್ಲಿಲ್ಲ. ನನ್ನ ತಂಗಿಗೆ ಎಂತದೋ ಆಗಿದೆ, ಬೋಟು ತಿರುಗಿಸಿ ಅಂತ ಸೇಸಪ್ಪಣ್ಣನ ಕಾಲು ಹಿಡಿದೆ.” ಅವನ ಕೈ ಇನ್ನೂ ನನ್ನ ಭುಜದ ಮೇಲೇ ಇತ್ತು. “ನಿನಗೆ ಎಂತ ಆಗಿತ್ತು?”

“ಹೆದರಿಕೆ ಆಗಿತ್ತು,” ಎಂದೆ.