ಅನುಮಾನಿಸುತ್ತಾರೆ

ಕೆಂಪು ಸುತ್ತು ಈ ಸಲ ಇನ್ನೂ ದಪ್ಪ, ಹಾಳೆ ಹರಿಯುವಷ್ಟು ಒತ್ತಿದ್ದಾರೆ ಪುಣ್ಯಾತ್ಮರು, ಮೂರನೇ ಸಲ ವಾಪಸು ಬಂದ ಹಾಳೆ, ಸಂಖ್ಯಾಶಾಸ್ತ್ರ, ಮೊದಲ ವರ್ಷ, ಬೋಧನೆಯ ಗುರಿ ಒಂದು— ಕೋರ್ಸ್ ಮುಗಿಯುವಷ್ಟರಲ್ಲಿ ವಿದ್ಯಾರ್ಥಿಗಳು ಅನುಮಾನಿಸುತ್ತಾರೆ— ಸುತ್ತು ಬಿದ್ದಿರುವುದು ಆ ಕೊನೆಯ ಪದಕ್ಕೆ, ಇದೇನು ಮೇಡಂ, ಯಾರ ಮೇಲೆ ಅನುಮಾನ, ನನ್ನ ಮೇಲಾ, ಎಂದು ವಿಭಾಗದ ಮುಖ್ಯಸ್ಥರು ಹೊಟ್ಟೆ ಕುಲುಕಿಸಿ ನಕ್ಕಾಗ ಅವಳೂ ನಕ್ಕಳು, ನಗದೆ ಏನು ಮಾಡುತ್ತಾಳೆ, ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕಿ, ಅತಿಥಿಯಂತೆ ಅತಿಥಿ, ಕೂರಲು ಸ್ವಂತದ್ದೊಂದು ಕುರ್ಚಿಯಿಲ್ಲ, ನಾಲ್ಕು ಗಂಟೆಯೊಳಗೆ ಇದಕ್ಕೆ ಅವರ ಸಹಿ ಬೀಳದಿದ್ದರೆ ಮುಂದಿನ ವರ್ಷ ಅತಿಥಿಯೂ ಅಲ್ಲ, ಪುಸ್ತಕದಲ್ಲೇ ಇದೆ ಸಾರ್, ಒಂದು ಹಿಡಿ ಕಾಳು ನೋಡಿ ಇಡೀ ಮೂಟೆ ಬಗ್ಗೆ ಹೇಳೋದಕ್ಕೆ ಅನುಮಾನ ಅಂತಾನೇ ಹೆಸರು— ಇರಬಹುದು ಮೇಡಂ, ತಪಾಸಣೆಗೆ ಬರೋರು ಓದಿದ್ರೆ ಚೆನ್ನಾಗಿರಲ್ಲ, ಖಚಿತವಾಗಿ ಹೇಳುತ್ತಾರೆ ಅಂತ ಹಾಕಿ, ಮುಗೀತು— ಖಚಿತವಾಗಿಯಂತೆ, ಮೂವತ್ತು ಜನರನ್ನು ಕೇಳಿ ಊರಿಗೆ ಊರೇ ಹೀಗೆ ಎಂದು ಖಚಿತವಾಗಿ, ಹಾಗೆ ಬರೆದವರಿಗೆ ಅವಳೇ ಸೊನ್ನೆ ಕೊಡುತ್ತಾಳಲ್ಲ, ಮನೆಯಲ್ಲೂ ಆ ಪದ ಆಡುವಂತಿಲ್ಲ, ಫೋನು ಯಾಕೆ ತೆಗೀಲಿಲ್ಲ ಎಂದು ಕೇಳಿದ್ದಷ್ಟೇ, ನಿಂದು ಬರೀ ಅನುಮಾನ ಕಣೇ, ಎಂದು ಗಂಡ ತಟ್ಟೆ ಸರಿಸಿ ಎದ್ದ, ಕಾಲೇಜಲ್ಲಾದ್ರೂ ಅವರು ಹೇಳಿದ್ದು ಬರ್ದು ಕೊಟ್ಟು ಬಾ, ಅತ್ತರೆ ಪಕ್ಕದ ಮೇಜಿನವರು ತಲೆ ಎತ್ತುತ್ತಾರೆ, ಇವಳು ಕಲಿಸುವುದೇ ಆ ಅನುಮಾನವೊಂದನ್ನು, ಉಳಿದದ್ದನ್ನೆಲ್ಲ ಕ್ಯಾಲ್ಕುಲೇಟರು ಮಾಡುತ್ತದೆ.

ಮೂರು ಐವತ್ತು, ಹೊಸ ಹಾಳೆ, ಖ ಬರೆದಾಯಿತು, ಚಿ, ತ, ಪೆನ್ನಿಗೇನು, ಎಲ್ಲೂ ತಡೆಯುವುದಿಲ್ಲ, ಖಚಿತವಾಗಿ ಹೇಳುತ್ತಾರೆ, ನೋಡಿ, ಎಷ್ಟು ಸುಲಭ ಇತ್ತು, ಎನ್ನುತ್ತಾ ಮುಖ್ಯಸ್ಥರು ಸರ್ರನೆ ಸಹಿ ಎಳೆದರು, ಸೋಮವಾರ ಮೊದಲನೇ ಪಾಠದಲ್ಲೇ ಗುರಿ ಬೋರ್ಡಿನ ಮೇಲೆ ಬರೀಬೇಕು ಮೇಡಂ, ಮರೀಬೇಡಿ, ಬರೆಯುತ್ತಾಳೆ, ಮಕ್ಕಳು ತಲೆ ತಗ್ಗಿಸಿ ಇಳಿಸಿಕೊಳ್ಳುತ್ತಾರೆ, ಎಲ್ಲರೂ, ಒಬ್ಬಳನ್ನು ಬಿಟ್ಟು— ಹೋದ ವರ್ಷ ಒಂದೇ ಅಂಕಕ್ಕೆ ಫೇಲಾದ ಹುಡುಗಿ, ಈ ಸಲ ಮತ್ತೆ ಇದೇ ಕ್ಲಾಸಿಗೆ, ಬಾಯಿ ತೆರೆದರೆ ಬೆವರುತ್ತಿದ್ದವಳು, ಪ್ರಶ್ನೆ ಕೇಳಮ್ಮಾ, ನಾನು ಹೇಳಿದ್ದನ್ನೂ ನಂಬಬೇಡ, ಕೇಳು, ಎಂದು ಇವಳೇ ವರ್ಷವಿಡೀ ಪುಸಲಾಯಿಸಿದ ಮೇಲೆ, ಕೊನೆಯ ವಾರದಲ್ಲಿ ಒಮ್ಮೆ, ಅರ್ಧ ಮಾತ್ರ ಎತ್ತಿದ್ದಳು, ಮಣಿಕಟ್ಟಿಗೆ ಇಂಕು ಮೆತ್ತಿದ ಆ ಕೈಯನ್ನು— ಅಷ್ಟು ಖಚಿತವಾಗಿ ಹೇಗೆ ಮೇಡಂ, ಎಂದು ಸೋಮವಾರ ಕೇಳುತ್ತಾಳೆ, ಕೇಳೇ ಕೇಳುತ್ತಾಳೆ, ಸಹಿಯಾದ ಹಾಳೆ ಹಿಡಿದು ಕಾರಿಡಾರಿನಲ್ಲಿ ನಿಂತಿದ್ದಾಳೆ ಇವಳು, ಏನು ಹೇಳಲಿ, ಕೂತ್ಕೋ ಅನ್ನಲೇ, ಇಂಕು ಮೆತ್ತಿದ ಕೈ, ಕೂತ್ಕೋ ಅಂದರೂ, ಕೈ, ಈಗ ಪೂರ್ತಿ ಎತ್ತಿದ ಕೈ, ಇಳಿಯುತ್ತಿಲ್ಲ.