ಬಾವಿ ಲಾಡಸಾಬ

ಹೆಣ ಹೊತ್ತ ಜನಾಜದ ಮುಂಗೋಲು ಹೆಗಲಿಗೆ ಬಂದಾಗ ಅಂದಾನಪ್ಪನಿಗೆ ಮೊದಲು ಅನಿಸಿದ್ದು, ಲಾಡಸಾಬ ಇಷ್ಟು ಹಗುರಾಗಿಬಿಟ್ಟಿದ್ದನೇ ಎಂದು. ಅದಕ್ಕಿಂತ ತನ್ನ ಮೊಣಕಾಲುಗಳೇ ಭಾರವಾಗಿದ್ದವು. ಬೇಸಿಗೆಯ ಬಿಸಿಲು ಇಲಕಲ್ಲಿನ ಓಣಿಯಲ್ಲಿ ಕಾದ ಹಂಚಿನಂತೆ ಬಿದ್ದಿತ್ತು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು.

"ಬಿಡ್ರಿ ಅಂದಾನಪ್ಪಾರ, ಹರೇದ ಹುಡುಗ್ರು ಅದಾರ" ಎಂದ ಪಕ್ಕದಲ್ಲಿ ನಡೆಯುತ್ತಿದ್ದ ನೇಕಾರ ಹೊಳಬಸಪ್ಪ.

"ನಾಕ ಹೆಜ್ಜಿ ನಡೀತೇನಿ, ತಡಿ."

"ನಾಕ ಹೆಜ್ಜಿ ಅಂತ ಓಣಿನ ಮುಗಿಸಿದ್ರಿ. ನಡುವ ನೀವೂ ಮಲಕ್ಕೊಂಡ್ರ ಇಬ್ಬರನ ಹೊರಾಕ ಮಂದಿ ಎಲ್ಲಿಂದ ತರೂಣು?"

ಕಟ್ಟೆಯ ಮೇಲೆ ಕುಳಿತಿದ್ದ ಮುದುಕನೊಬ್ಬ ಎದ್ದು ನಿಂತು ಕೇಳಿದ, "ಯಾರೋ ತಮ್ಮಾ?"

"ಬಾವಿ ಲಾಡಸಾಬ" ಎಂದರು ಯಾರೋ.

ಕೋಲು ಹೆಗಲಲ್ಲಿ ಕುಕ್ಕಿದಂತಾಯಿತು. ಲಾಡಸಾಬ ಒಂದು ದಿನವೂ ಬಾವಿ ತೋಡಿದವನಲ್ಲ. ಅವನ ಮನೆಯ ಹತ್ತಿರ ಬಾವಿಯೇ ಇರಲಿಲ್ಲ. ಅವನು ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವನು.

"ಹೊಳಬಸಪ್ಪಾ, ನಮಾಜಕಿಂತ ಮೊದಲ ಮಗ ಏನೋ ಕೇಳ್ತಾನಲ್ಲ?"

"ಹೂಂನ್ರಿ. ನಮ್ಮಪ್ಪ ಯಾರ ಮನಸರೆ ನೋಯಿಸಿದ್ರ ಮಾಫ್ ಮಾಡ್ರಿ ಅಂತಾನ. ಮಾಡೇವಿ ಅಂತ ಎಲ್ಲಾರೂ ಅಂತೀವಿ. ಮುಗೀತು."

ಅಂದಾನಪ್ಪ ಕೋಲನ್ನು ಬಿಗಿಯಾಗಿ ಹಿಡಿದ. ಮಾಡೇವಿ ಎಂದರೆ, ತಾನು ಮಾಡಿದ ತಪ್ಪನ್ನು ಸತ್ತವನಿಗೆ ಮಾಫು ಮಾಡಿದಂತೆ. ಎಂಟು ವರ್ಷ ನುಂಗಿದ್ದನ್ನು ಇವತ್ತೂ ನುಂಗಿದರೆ, ಮಣ್ಣು ಮುಚ್ಚಿದ ಮೇಲೆ ಲಾಡಸಾಬ ಊರ ಬಾಯಲ್ಲಿ ಬಾವಿ ಲಾಡಸಾಬನಾಗಿಯೇ ಉಳಿಯುತ್ತಾನೆ.

*

ಗಚ್ಚಿನಕಟ್ಟಿ ಓಣಿಯ ವಾಚನಾಲಯವನ್ನು ಅಂದಾನಪ್ಪ ಇಪ್ಪತ್ತೆರಡು ವರ್ಷ ನೋಡಿಕೊಂಡಿದ್ದ. ನಾಲ್ಕು ಕಪಾಟು, ಕೂರಲು ಒಂದು ಉದ್ದ ಬಾಕು. ಕಾದಂಬರಿ, ಪತ್ತೇದಾರಿ, ಶರಣರ ಚರಿತ್ರೆ, ಕಾಶಿಯಾತ್ರೆಯ ಕಥನ, ದನದ ರೋಗಗಳ ಪುಸ್ತಕ, ಮನೆಮದ್ದು, ನಕ್ಷತ್ರಗಳ ಪುಸ್ತಕ, ಎಲ್ಲ ಒಂದಕ್ಕೊಂದು ಒರಗಿ ನಿಂತಿರುತ್ತಿದ್ದವು. ಹರಿದವನ್ನು ಶನಿವಾರ ಲಾಡಸಾಬ ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಪುಟದ ಅಂಕಿಗಳಷ್ಟೇ ಗೊತ್ತು. ಆದರೂ ಒಂದೊಂದು ಪುಸ್ತಕವನ್ನೂ ಅಂಗೈ ಮೇಲೆ ಇಟ್ಟುಕೊಂಡು ಕೇಳುತ್ತಿದ್ದ:

"ಇದರಾಗ ಏನೈತ್ರಿ ಅಣ್ಣಾರ?"

"ನಿನಗ್ಯಾಕೋ? ರಟ್ಟ ಕಟ್ಟು, ಸಾಕು."

"ಹಂಗಂದ್ರ ಹೆಂಗ್ರಿ? ಅಳೂ ಕತಿಗೆ ಹಸರ ಅರಿವಿ ಹಚ್ಚಿದ್ರ ಚಂದ ಕಾಣ್ತೈತೇನ್ರಿ?"

ಹೀಗೆ ಅಂದಾನಪ್ಪ ಹೇಳುವುದು, ಅವನು ಕೇಳುವುದು. ಬೇಸಾಯದ ಪುಸ್ತಕಕ್ಕೆ ಹಸಿರು, ಕಣ್ಣೀರಿನ ಕಾದಂಬರಿಗೆ ಕಪ್ಪುನೀಲಿ, ಶರಣರಿಗೆ ಕಾವಿ. ಪತ್ತೇದಾರಿಗೆ ಮಾತ್ರ ಬಣ್ಣ ಗೊತ್ತಾಗದೆ ಕೊಲೆಗಾರ ಯಾರೆಂದು ಮೊದಲೇ ಕೇಳಿ ತಿಳಿದುಕೊಳ್ಳುತ್ತಿದ್ದ. ಊರಿನ ಹೆಣ್ಣುಮಕ್ಕಳು "ನೀಲಿದೊಂದು ಕೊಡ್ರಿ" ಎಂದೇ ಪುಸ್ತಕ ಕೇಳತೊಡಗಿದ್ದರು.

ಎಪ್ಪತ್ತೈದರ ಶ್ರಾವಣದಲ್ಲಿ ಮಾಳಿಗೆ ಸೋರಿತು. ಒಂದು ಕಪಾಟಿನ ಪುಸ್ತಕಗಳೆಲ್ಲ ನೆನೆದು ಹೊಲಿಗೆ ಬಿಟ್ಟವು. ಅಂದಾನಪ್ಪ ಹಾಳೆಗಳನ್ನು ಬಾಕಿನ ಮೇಲೆ, ನೆಲದ ಮೇಲೆ ಹರಡಿ ಒಣಗಿಸಿದ. ಮೂರನೆಯ ದಿನ ದಣಿದು, ಅವಸರದಲ್ಲಿ ಒಟ್ಟುಮಾಡಿ, ಒಂದೊಂದು ಪುಸ್ತಕಕ್ಕೂ ದಾರ ಸುತ್ತಿ, ಚೀಟಿ ಸಿಕ್ಕಿಸಿ ಲಾಡಸಾಬನಿಗೆ ಕೊಟ್ಟ.

ಅವನು ರಟ್ಟು ಕಟ್ಟಿ ತಂದವುಗಳಲ್ಲಿ ಒಂದು ಕಾದಂಬರಿ ವಾಚನಾಲಯದ ಅಧ್ಯಕ್ಷ ರಾಚಪ್ಪ ಮಾಸ್ತರರ ಕೈಗೆ ಹೋಯಿತು. ನೂರಾ ಹನ್ನೆರಡನೆಯ ಪುಟದಲ್ಲಿ ಮದುಮಗಳು ಅಕ್ಷತೆಯ ಅಕ್ಕಿಕಾಳಿಗೆ ತಲೆಬಾಗಿ ಕೂತಿದ್ದಳು. ನೂರಾ ಹದಿಮೂರರಲ್ಲಿ, ಹದಿನೈದು ಮೊಳ ಆಳಕ್ಕೆ ಹೋದಾಗ ಕಲ್ಲು ಸಿಕ್ಕರೆ ಹೇಗೆ ಒಡೆಯಬೇಕು ಎಂಬ ವಿವರವಿತ್ತು. ಅದು ಬಾವಿ ತೋಡುವ ಪುಸ್ತಕದ ಉತ್ತರಾರ್ಧ. ಅಂಕಿಗಳು ಕೂಡಿದ್ದವು, ಕಾಗದದ ಅಳತೆ ಕೂಡಿತ್ತು.

ಮಾಸ್ತರರು ಪುಸ್ತಕ ಎತ್ತಿ ಹಿಡಿದು ತುಂಬಿದ ವಾಚನಾಲಯದಲ್ಲಿ ಕೇಳಿದರು:

"ಏನಲೇ ಸಾಬಾ, ಅಕ್ಕಿಕಾಳ ಬೀಳೂ ಹೊತ್ತಿನ್ಯಾಗ ಮದಿಮಗಳನ್ನ ಬಾವ್ಯಾಗ ನೂಕಿದೆಲ್ಲೋ!"

ಜನ ನಕ್ಕಿತು. ಲಾಡಸಾಬನೂ ಮೊದಲು ನಕ್ಕ. ಆಮೇಲೆ ಅಂದಾನಪ್ಪನ ಮುಖ ನೋಡಿದ. ಅಂದಾನಪ್ಪನ ಬಾಯಿಂದ ಹೊರಬಿದ್ದದ್ದು ಒಂದೇ ಮಾತು: "ನೋಡಿ ಕಟ್ಟಬಾರದೇನೋ?"

"ನಂದಽ ತಪ್ಪ್ರಿ" ಎಂದ ಲಾಡಸಾಬ. "ಓದಾಕ ಬಂದಿದ್ರ ಗೊತ್ತಾಗ್ತಿತ್ತು."

ರಟ್ಟು ಕಟ್ಟದೆ ಉಳಿದಿದ್ದ ಹಾಳೆಗಳನ್ನು ಅವನು ಅಂದು ಸಂಜೆಯೇ ತಂದಿಟ್ಟು ಹೋದ. ಅವುಗಳಲ್ಲಿ ಒಂದು ಕಟ್ಟು ಬಾವಿಯ ಪುಸ್ತಕದ್ದು. ದಾರ ಬಿಚ್ಚಿರಲಿಲ್ಲ. ಮೊದಲರ್ಧ ಬಾವಿ, ಉಳಿದರ್ಧ ಮದುವೆ. ಮೇಲೆ ಅಂದಾನಪ್ಪನದೇ ಗಂಟು, ಅವನದೇ ಅಕ್ಷರದ ಚೀಟಿ.

ಮರುದಿನ ಹೇಳಬೇಕೆಂದುಕೊಂಡ. ಮಾಸ್ತರರ ನಾಲಿಗೆ ನೆನೆದು ಮುಂದೂಡಿದ. ಎಂಟು ದಿನವಾಯಿತು, ತಿಂಗಳಾಯಿತು. ಆಮೇಲೆ ಹೇಳುವುದಕ್ಕಿಂತ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೆ ಉತ್ತರ ಹುಡುಕುವುದೇ ಕಷ್ಟವಾಯಿತು. ಊರ ಬಾಯಲ್ಲಿ ಬಾವಿ ಲಾಡಸಾಬನಾದ ಅವನು ಮತ್ತೆ ವಾಚನಾಲಯಕ್ಕೆ ಬರಲಿಲ್ಲ. ಮಗ್ಗದ ಮನೆಯೊಂದರಲ್ಲಿ ಕಂಡಿಕೆಗೆ ನೂಲು ಸುತ್ತುತ್ತಾ ಕೂತುಬಿಟ್ಟ. ದಿನಾ ಮುಂಜಾನೆ ಪೂಜೆಗೆ ಕೂತರೆ ಅಂದಾನಪ್ಪನ ಕಣ್ಣು ಅಂಗೈಯ ಲಿಂಗದ ಮೇಲೆ ನಿಲ್ಲುತ್ತಿರಲಿಲ್ಲ. ಶಿವಾ ಎಂದು ಕಣ್ಣು ಮುಚ್ಚಿದರೆ, ಬಿಚ್ಚದ ಆ ದಾರವೇ ಕಾಣುತ್ತಿತ್ತು.

*

ಖಬರಸ್ತಾನದ ಬೇವಿನ ನೆರಳಿಗೆ ಜನಾಜ ಇಳಿಸಿದರು. ಅಂದಾನಪ್ಪ ಹೆಗಲು ತಿಕ್ಕುತ್ತ ನಿಂತ. ಹೆಣ ಎತ್ತುವ ಮೊದಲು ಹೊಸ್ತಿಲಲ್ಲಿ ಲಾಡಸಾಬನ ಹೆಂಡತಿ ಕಾಸಿಂಬಿ ತನ್ನ ಮುಂದೆ ಸೆರಗೊಡ್ಡಿ ಅತ್ತಿದ್ದಳು. "ನಿಮ್ಮ ಹೆಸರ ಕೆಡಿಸಿದ್ನಿ ಅಂತ ಆಂವ ಭಾಳ ಹಳಹಳಿಸ್ತಿದ್ದರಿ ಅಣ್ಣಾರ. ವಾಚನಾಲಯದ ಮುಂದ ಹಾಯಬಾರದಂತ ಸುತ್ತಿನ ಹಾದಿ ಹಿಡೀತಿದ್ದ." ಅವಳ ಮಾತು ಇನ್ನೂ ಕಿವಿಯಲ್ಲಿತ್ತು.

ನಮಾಜು ಮಾಡಿಸುವ ಪೇಶಿಮಾಮರು ಸಾಲು ಸರಿಮಾಡಿದರು. ಮಗ ಜಲಾಲುದ್ದೀನ ಮುಂದೆ ಬಂದ. ಖಾಣಿಯಲ್ಲಿ ಕಲ್ಲು ಒಡೆಯುವ ಇಪ್ಪತ್ತೆರಡರ ಹುಡುಗ. ತಮ್ಮ ಮಾತಿನಲ್ಲಿ ಒಮ್ಮೆ ಹೇಳಿ, ದೂರ ನಿಂತ ನೇಕಾರರ ಕಡೆ ತಿರುಗಿ ಕನ್ನಡದಲ್ಲಿ ಅಂದ:

"ನಮ್ಮಪ್ಪನಿಂದ ಯಾರಿಗರೆ ತ್ರಾಸ ಆಗಿದ್ರ, ದೊಡ್ಡ ಮನಸ ಮಾಡಿ ಮಾಫ್ ಮಾಡ್ರಿ."

"ಮಾಡೇವಪ್ಪಾ" ಎಂದರು ಹತ್ತಾರು ದನಿಯಲ್ಲಿ. ರಾಚಪ್ಪ ಮಾಸ್ತರರೂ ಛತ್ರಿಯ ಕೆಳಗಿನಿಂದ ಅಂದರು.

"ನಾ ಮಾಡೂದಿಲ್ಲ" ಎಂದ ಅಂದಾನಪ್ಪ.

ಎಲ್ಲರೂ ತಿರುಗಿದರು. ಹೊಳಬಸಪ್ಪ ಅವನ ಅಂಗಿ ಜಗ್ಗಿದ. ಅಂದಾನಪ್ಪ ಎರಡು ಹೆಜ್ಜೆ ಮುಂದೆ ಬಂದ.

"ಮಾಫ್ ಮಾಡಾಕ ಆಂವ ತಪ್ಪ ಮಾಡಿಲ್ಲ. ಮದಿವಿ ಹಾಳಿ, ಬಾವಿ ಹಾಳಿ ಕಲಸಿ ಕಟ್ಟಿ ಕೊಟ್ಟಾಂವ ನಾ. ಅವತ್ತಽ ಗೊತ್ತಾತು. ಸುಮ್ನ ಕುಂತ್ನಿ. ಎಂಟ ವರ್ಷ."

"ಅಂದಾನಪ್ಪಾ, ಬಿಸಲಿಗೆ ತಲಿ ತಿರಿಗೇತೇನು?" ಎಂದರು ಮಾಸ್ತರರು. "ನಗಚ್ಯಾಟಕ ಅಂದ ಹಳೇ ಮಾತದು. ಇಲ್ಲ್ಯಾಕ ತೆಗೀತಿ?"

"ಹಳೇದಾಗಿಲ್ರಿ ಸರ. ಈಗ ಹೊತ್ಕೊಂಡ ಬರೂವಾಗೂ ಬಾವಿ ಲಾಡಸಾಬ ಅಂದ್ರು."

ಮಾಸ್ತರರು ಛತ್ರಿಯನ್ನು ಸ್ವಲ್ಪ ಕೆಳಗಿಳಿಸಿ ಮುಖ ಮರೆಮಾಡಿಕೊಂಡರು.

ಜಲಾಲುದ್ದೀನ ಜನಾಜದ ಕಡೆ ತಿರುಗಿದ. ಆಮೇಲೆ ತಗ್ಗಿದ ದನಿಯಲ್ಲಿ ಅಂದ:

"ಓದಾಕ ಬರದಿದ್ದಕ್ಕ ಹಿಂಗಾತು ಅಂತ ನನ್ನ ಬಡದ ಬಡದ ಸಾಲಿಗೆ ಕಳಿಸ್ಯಾನ್ರಿ ನಮ್ಮಪ್ಪ. ಬೆತ್ತ ಮುರದಾವು. ಮಾಫ್ ಮಾಡಾಂವ ಇಲ್ಲಿ ಮಲಗ್ಯಾನ. ನಾ ಹೆಂಗ ಮಾಡ್ಲಿ? ನನಗ ಬರೂದಿಲ್ರಿ."

"ಬ್ಯಾಡಪ್ಪಾ. ಮಾಡಂತ ನಾ ಕೇಳಂಗಿಲ್ಲ."

ಪೇಶಿಮಾಮರು ಕೆಮ್ಮಿದರು. ನಮಾಜು ಶುರುವಾಯಿತು. ಅಂದಾನಪ್ಪ ಬೇವಿನ ಬೊಡ್ಡೆಗೆ ಕೈಯೂರಿ ನಿಂತ. ಮನಸ್ಸು ಹಗುರಾದೀತೆಂದು ಎಷ್ಟೋ ಸಲ ಅಂದುಕೊಂಡಿದ್ದ. ಹಗುರಾಗಲಿಲ್ಲ. ದಣಿವಷ್ಟೇ ಇತ್ತು, ದೂರದ ಹಾದಿ ನಡೆದು ಬಂದು ಕಾಲು ತೊಳೆಯಲು ನೀರು ಸಿಗದವನ ದಣಿವು.

ಲಾಡಸಾಬನನ್ನು ಕುಣಿಗೆ ಇಳಿಸಿ, ಮೇಲೆ ಕಲ್ಲಿನ ಹಾಸು ಮುಚ್ಚಿದರು. ಒಬ್ಬೊಬ್ಬರಾಗಿ ಮೂರು ಮೂರು ಹಿಡಿ ಮಣ್ಣು ಕೊಡತೊಡಗಿದರು. ಬೇಸಿಗೆಯ ಹೆಂಟೆಗಳು ಕಲ್ಲಿನ ಮೇಲೆ ಬಿದ್ದಾಗ ದಬ್ ದಬ್ ಎಂದು ಸದ್ದಾಗುತ್ತಿತ್ತು. ಅಂದಾನಪ್ಪ ಹಿಂದೆ ಸರಿದೇ ನಿಂತಿದ್ದ.

"ಬರ್ರಿ" ಎಂದ ಜಲಾಲುದ್ದೀನ, ಅವನ ಕಡೆ ನೋಡದೆ. "ಮಣ್ಣ ಕೊಡ್ರಿ."

ಅಂದಾನಪ್ಪ ಅಂಚಿಗೆ ಕುಕ್ಕರಗಾಲಲ್ಲಿ ಕೂತು ಒಂದು ಹೆಂಟೆ ತೆಗೆದುಕೊಂಡ. ಎಸೆಯಲಿಲ್ಲ. ಎರಡೂ ಅಂಗೈಗಳ ನಡುವೆ ಹಿಡಿದು ಹಿಚುಕಿದ. ಗರಸಿನ ಹರಳುಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಟ್ಟು, ಉಳಿದದ್ದನ್ನು ಹಿಟ್ಟಿನಂತೆ ತಿಕ್ಕತೊಡಗಿದ. ಹಿಂದೆ ಸಾಲು ನಿಂತಿತ್ತು. ಯಾರೋ "ಲಗೂ ಆಗಲ್ರಿ" ಎನ್ನಹೋದಾಗ ಜಲಾಲುದ್ದೀನ ಕೈ ಅಡ್ಡ ಹಿಡಿದ.

ಮೊದಲ ಹಿಡಿ ಸದ್ದಿಲ್ಲದೆ ಇಳಿಯಿತು. ಅಂದಾನಪ್ಪ ಎರಡನೆಯ ಹೆಂಟೆಗೆ ಕೈ ಚಾಚಿದ.